ತಾಪ ತಾಳುವ ಗುಣದ ನೆಲೆ

ಬತ್ತದ ಹೂ ಅರಳುವ ಹೊತ್ತಿಗೆ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶ ಸರಿಯಾಗಿ ಬಿರಿಯದೆ ತೆನೆ ಜೊಳ್ಳಾಗಬಹುದು. ಉತ್ತರ ಪ್ರದೇಶದ ಹಳೆಯ ತಳಿ ನಗೀನಾ 22 ಆ ಬಿಸಿಯಲ್ಲೂ ಕಾಳು ಕಟ್ಟುತ್ತದೆ. ಅದನ್ನು ಐಆರ್ 64 ಎಂಬ ತಳಿಯೊಡನೆ ಸಂಕರಿಸಿದಾಗ ಈ ಗುಣದ ಒಂದು ಪಾಲು 4ನೇ ವರ್ಣತಂತುವಿನಲ್ಲಿ ಸಿಕ್ಕಿತು. ಒಂದು ಪಾಲು ಮಾತ್ರ. ಆಫ್ರಿಕಾದ ಬತ್ತದ ಟಿಟಿ1 ಜೀನ್ ಬಿಸಿಗೆ ಕೆಟ್ಟ ಪ್ರೋಟೀನುಗಳನ್ನು ಚುರುಕಾಗಿ ತೊಲಗಿಸುತ್ತದೆ. ಕಾಡುಬತ್ತವೊಂದರಿಂದ ತಂದ 3ನೇ ವರ್ಣತಂತುವಿನ ತುಣುಕು ಬಿಸಿಲೇರುವ ಮುನ್ನವೇ ಹೂ ಅರಳಿಸುತ್ತದೆ. ಅದು ಸಹನೆಯಲ್ಲ, ಜಾಣತನದ ಪಲಾಯನ.

ಹಾಗಾದರೆ ಸಹಿಷ್ಣುತೆ ಯಾವುದರ ಗುಣ? ಗುಣವು ದ್ರವ್ಯದಲ್ಲಿ ಸಮವಾಯದಿಂದ, ಅಂದರೆ ಬೇರ್ಪಡಿಸಲಾಗದ ಸಂಬಂಧದಿಂದ, ನೆಲೆಸುತ್ತದೆ ಎಂಬುದು ವೈಶೇಷಿಕ ದರ್ಶನದವರ ಮತ. ಜೀನನ್ನೇ ಗುಣದ ಒಡೆಯನೆಂದು ಕಾಣುವವರಿಗೆ ಇದು ಹಿತವೆನಿಸೀತು. ಬೌದ್ಧ ದಾರ್ಶನಿಕ ನಾಗಾರ್ಜುನನಾದರೋ ಯಾವ ವಸ್ತುವಿಗೂ ತನ್ನದೇ ಆದ ಸ್ವಭಾವವಿಲ್ಲ, ಎಲ್ಲವೂ ಕಾರಣಗಳನ್ನು ಅವಲಂಬಿಸಿಯೇ ಹುಟ್ಟುತ್ತವೆ ಎಂದ. ಗದ್ದೆಯ ಸಾಕ್ಷ್ಯ ಅವನ ಕಡೆಗೇ ವಾಲುತ್ತದೆ. ಒಣ ಹವೆಯಲ್ಲಿ ತೆನೆ ನೀರಾವಿ ಬಿಟ್ಟು ತಣಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಅದೇ ತಳಿ, ಅದೇ ತಾಪದಲ್ಲಿ ಹೆಚ್ಚು ಜೊಳ್ಳಾಗುತ್ತದೆ. ಆದರೂ 4ನೇ ವರ್ಣತಂತುವಿನ ಆ ತುಣುಕನ್ನು ಬೇರೆ ತಳಿಗೆ ದಾಟಿಸಿದಾಗ ಸಹನೆಯ ಒಂದಂಶವೂ ಜೊತೆಗೆ ಹೋಗುತ್ತದೆ. ನಾಗಾರ್ಜುನನ ಶೂನ್ಯವಾದವು ಇದನ್ನು ಅಲ್ಲಗಳೆಯಬೇಕಿಲ್ಲ. ಹಲವು ಕಾರಣಗಳಲ್ಲಿ ಜೀನೂ ಒಂದು.