ಮೊದಲು ಕೇಳಿಸಿಕೊಳ್ಳಿ, ಆಮೇಲೆ ಪ್ರಾರ್ಥಿಸಿ

ಲೂಕ 2ನೇ ಅಧ್ಯಾಯ, 41ರಿಂದ 52ನೇ ವಚನಗಳನ್ನು ತೆಗೆಯಿರಿ.

ಪಸ್ಕ ಹಬ್ಬ ಮುಗಿಸಿ ಯೋಸೇಫನೂ ಮರಿಯಳೂ ಒಂದು ದಿನದ ದಾರಿ ನಡೆದುಬಿಟ್ಟಿದ್ರು. ಮಗ ಗುಂಪಿನಲ್ಲೇ ಇದ್ದಾನೆ ಅಂತ ಅಂದುಕೊಂಡಿದ್ರು. ಗಮನಿಸಿ, ಅಂದುಕೊಂಡಿದ್ರು, ನೋಡಿರಲಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಮಗಳು ಭಾನುವಾರ ಸಭೆಗೆ ಬರ್ತಾಳೆ, ಕೊಯರ್‌ನಲ್ಲಿ ಹಾಡ್ತಾಳೆ, ಹಾಗಾದ್ರೆ ಕಾಲೇಜಲ್ಲೂ ಎಲ್ಲಾ ಸರಿ ಉಂಟು ಅಂದುಕೊಳ್ತೇವೆ.

ಬೆಳಿಗ್ಗೆ ಕದ್ರಿಯಿಂದ ಬಲ್ಮಠದ ಕಡೆ ಹೋಗುವ ಬಸ್ಸು ನೋಡಿ. ಬ್ಯಾಗ್ ಹಾಕಿಕೊಂಡು ನೇತಾಡುವ ಮಕ್ಕಳಲ್ಲಿ ನಮ್ಮವರೂ ಇದ್ದಾರೆ. ಅವರ ಮನಸ್ಸಿನಲ್ಲಿ ಏನುಂಟು, ನಮಗೆ ಗೊತ್ತುಂಟಾ?

ನನ್ನದೇ ತಪ್ಪು ಹೇಳ್ತೇನೆ. ಕೆಲವು ವರ್ಷದ ಹಿಂದೆ ಹಾಸ್ಟೆಲ್‌ನಲ್ಲಿದ್ದ ಒಬ್ಬ ತಮ್ಮ ಆರಾಧನೆ ಮುಗಿದ ಮೇಲೆ ಬಂದು, "ಪಾಸ್ಟರ್, ಸೀನಿಯರ್‌ಗಳು ರಾತ್ರಿ ಮಲಗ್ಲಿಕ್ಕೆ ಬಿಡುವುದಿಲ್ಲ" ಅಂದ. ನಾನು ತಲೆ ಮೇಲೆ ಕೈಯಿಟ್ಟು ಎರಡು ನಿಮಿಷ ಪ್ರಾರ್ಥಿಸಿ ಕಳಿಸಿಬಿಟ್ಟೆ. "ಎಂತ ಮಾಡ್ತಾರೆ ಮಗಾ?" ಅಂತ ಒಂದು ಮಾತು ಕೇಳಲಿಲ್ಲ. ಮುಂದಿನ ತಿಂಗಳು ಅವನು ಕೋರ್ಸ್ ಬಿಟ್ಟು ಊರಿಗೆ ಹೋದ. ಅವನ ಅಪ್ಪ ಫೋನ್ ಮಾಡಿ, "ನಮಗೆ ಗೊತ್ತೇ ಇರಲಿಲ್ಲ ಪಾಸ್ಟರ್" ಅಂದ್ರು. ನನಗೆ ಗೊತ್ತಿತ್ತು. ಆ ದಿನ ನನ್ನ ಪ್ರಾರ್ಥನೆ, ಮಾತು ಮುಗಿಸುವ ಉಪಾಯ ಆಗಿತ್ತು. ಕರ್ತನು ನನ್ನನ್ನು ಕ್ಷಮಿಸಲಿ.

ಮರಿಯಳನ್ನು ನೋಡಿ. ಅವಳು ಹುಡುಕಿಕೊಂಡು ಹಿಂದೆ ಹೋದಳು. ತನ್ನ ಸಂಕಟ ಮುಚ್ಚಿಡದೆ, ಯಾಕೆ ಹೀಗೆ ಮಾಡಿದಿ ಅಂತ ಮಗನನ್ನೇ ಕೇಳಿದಳು. ಉತ್ತರ ಅರ್ಥ ಆಗಲಿಲ್ಲ, 50ನೇ ವಚನ. ಆದ್ರೂ ಬೈದು ಬಾಯಿ ಮುಚ್ಚಿಸಲಿಲ್ಲ. ಎಲ್ಲವನ್ನೂ ಹೃದಯದಲ್ಲಿ ಇಟ್ಟುಕೊಂಡಳು. ಹೃದಯದಲ್ಲಿ! ಬುಧವಾರದ ಕಾಟೇಜ್ ಪ್ರೇಯರ್‌ನಲ್ಲಿ ಪ್ರಾರ್ಥನಾ ವಿಷಯ ಅಂತ ಎಲ್ಲರಿಗೂ ಹೇಳಲಿಲ್ಲ.

ತಂದೆತಾಯಂದಿರೇ, ಮಾರ್ಕ್ಸ್, ಅಟೆಂಡೆನ್ಸ್ ಆಮೇಲೆ ಕೇಳಿ. ಮೊದಲು, "ಊಟಕ್ಕೆ ಯಾರ ಜೊತೆ ಕೂತ್ಕೊಳ್ತಿ?" ಅಂತ ಕೇಳಿ. ಸಬ್ಜೆಕ್ಟ್ ಹೋಯ್ತು ಅಂದ ಕೂಡಲೇ "ಪ್ರಾರ್ಥನೆ ಮಾಡ್ಲಿಲ್ವಾ?" ಅನ್ನಬೇಡಿ. ಹಾಗಂದ್ರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ. ರ‍್ಯಾಗಿಂಗ್ ಅಂದ್ರೆ ಮೊಣಕಾಲೂರಿ, ಕಾಲೇಜಿನ ಆ್ಯಂಟಿ-ರ‍್ಯಾಗಿಂಗ್ ಸಮಿತಿಗೆ ದೂರನ್ನೂ ಕೊಡಿ. ಯುಜಿಸಿ ಸಹಾಯವಾಣಿ 1800-180-5522. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್, 14416. ಫೋನ್ ಮಾಡುವುದು ಅವಿಶ್ವಾಸ ಅಲ್ಲ.

ಯೌವನಸ್ಥರೇ, ನಿಮಗೂ ಒಂದು ಮಾತು. ದೇವಾಲಯದಲ್ಲಿ ಬೋಧಕರನ್ನೇ ಬೆರಗುಗೊಳಿಸಿದ ಯೇಸು ಅಪ್ಪ-ಅಮ್ಮನ ಜೊತೆ ನಜರೇತಿಗೆ ಇಳಿದು ಹೋದನು. ಅವರಿಗೆ ನಿಮ್ಮ ಕ್ಯಾಂಪಸ್ ಅರ್ಥ ಆಗ್ಲಿಕ್ಕಿಲ್ಲ. ಆದ್ರೂ ಇವತ್ತು ಮನೆಗೆ ಹೋಗಿ ಒಂದು ನಿಜ ಹೇಳಿ.

ತಲೆ ಬಾಗಿಸೋಣ. ಕರ್ತನೇ, ನಮಗೆ ಕೇಳುವ ಕಿವಿ ಕೊಡು. ಊರಿಗೆ ಹೋದ ಆ ತಮ್ಮನನ್ನು ನೆನಪು ಮಾಡಿಕೋ. ಯೇಸುವಿನ ನಾಮದಲ್ಲಿ, ಆಮೆನ್.