ಬೆಟ್ಟದ ಝರಿಯೂ ಶ್ರಾವಕನ ವ್ರತವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆ ಬರಕ್ಕೆ ಹೆಸರಾದುದು. ಜೋಗದಂತಹ ಜಲಪಾತ ಇಲ್ಲಿಲ್ಲ. ಆದರೆ ಮಳೆ ಚೆನ್ನಾಗಿ ಬಿದ್ದ ವರ್ಷ ಬೋಳುಬಂಡೆಗಳ ಕಣಿವೆಗಳಲ್ಲಿ ಹೆಸರಿಲ್ಲದ ಧಾರೆಗಳು ಇಳಿಯುತ್ತವೆ. ಮಳೆ ನಿಂತೊಡನೆ ಬತ್ತುತ್ತವೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯೂ ವರ್ಷವಿಡೀ ತುಂಬಿ ಹರಿಯುವ ನದಿಯಲ್ಲ.

ಮಧುಗಿರಿಯ ಮಲ್ಲಿನಾಥ ಬಸದಿಯ ದರ್ಶನ ಮುಗಿಸಿದ ಕುಟುಂಬವೊಂದು ಇಂತಹ ಧಾರೆಯನ್ನು ನೋಡಲು ಹೊರಟರೆ ಅದು ದೋಷವೇ? ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ನಿಷ್ಫಲವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದು, ಸಸ್ಯಗಳನ್ನು ಕಡಿಯುವುದು ಮಾತ್ರವಲ್ಲ, ವ್ಯರ್ಥವಾಗಿ ಅಲೆಯುವುದೂ ಇತರರನ್ನು ಅಲೆಯಿಸುವುದೂ ಅದರಲ್ಲಿ ಸೇರಿವೆ. ಪುಣ್ಯಕ್ಕಾಗಿ ಮೀಯುತ್ತೇವೆ ಎಂಬ ಸಮಾಧಾನಕ್ಕೂ ಎಡೆಯಿಲ್ಲ. ನದೀಸ್ನಾನವನ್ನು ಧರ್ಮವೆಂದು ಬಗೆಯುವುದನ್ನು ಅದೇ ಗ್ರಂಥ ಲೋಕಮೂಢತೆ ಎನ್ನುತ್ತದೆ.

ಹಾಗಾದರೆ ಮನೆಯ ಬಾಗಿಲು ಹಾಕಿ ಕುಳಿತಿರಬೇಕೇ? ಆಚಾರ್ಯರ ಮಾತಿನ ಭಾರವಿರುವುದು ‘ನಿಷ್ಫಲ’ವೆಂಬಲ್ಲಿ. ನಾಲ್ಕು ದಿನ ಹರಿದು ಬತ್ತುವ ನೀರನ್ನು ದೂರ ನಿಂತು ನೋಡಿದ ಬಾಲಕನಿಗೆ ಅನಿತ್ಯಾನುಪ್ರೇಕ್ಷೆಯ ಪಾಠ ಪುಸ್ತಕಕ್ಕಿಂತ ಬೇಗ ಮನದಟ್ಟಾದೀತು. ಅದು ನಿಷ್ಫಲವಲ್ಲ. ಸಾಬೂನು ಹಿಡಿದು ಧಾರೆಯ ಕೆಳಗೆ ನಿಂತವನ ಸಂಗತಿ ಬೇರೆ. ಜೈನರಿಗೆ ನೀರೇ ಅಪ್ಕಾಯಿಕ ಜೀವಗಳ ಶರೀರ. ಅದರಲ್ಲಿ ತ್ರಸಜೀವಗಳೂ ಇರುತ್ತವೆ. ಆದುದರಿಂದಲೇ ನೀರು ಸೋಸಿದ ಬಟ್ಟೆಯನ್ನು ತೊಳೆದು, ಉಳಿದ ಜೀವಗಳನ್ನು ಅದೇ ಜಲಾಶಯಕ್ಕೆ ಮರಳಿ ಬಿಡುವ ಪದ್ಧತಿ ಬಂದಿತು. ಮಡುವಿನಿಂದ ಒಂದು ಬಿಂದಿಗೆ ತೆಗೆದು ಸೋಸಿ ಕುಡಿಯುವವನಿಗೆ ಇದು ಸಾಧ್ಯ. ಧಾರೆಗೆ ಮೈಯೊಡ್ಡಿದವನಿಗೆ ಎಲ್ಲಿಯ ಸೋಸುವಿಕೆ? ಸಾಬೂನಿನ ನೊರೆಯಾದರೋ ಕೆಳಗಿನ ಊರಿನ ಕೆರೆಗೆ ಇಳಿಯುತ್ತದೆ. ಹನಿ ನೀರಿಗೂ ಬೆಲೆಯಿರುವ ಸೀಮೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಕಠಿಣವಾದುದು ‘ಅಲೆಯಿಸುವುದು’ ಎಂಬ ಮಾತು. ಒಬ್ಬ ಗೃಹಸ್ಥ ಸದ್ದಿಲ್ಲದೆ ಹೋಗಿ ನೋಡಿ ಬಂದರೆ ಕಣಿವೆಗೆ ಹಾನಿ ಅಲ್ಪ. ಅವನೇ ಹತ್ತು ಮಂದಿಗೆ ದಾರಿ ಹೇಳಿದರೆ, ಮರುವಾರ ಐವತ್ತು ಮಂದಿ ಪ್ಲಾಸ್ಟಿಕ್ ಚೀಲಗಳೊಡನೆ ಬಂದಾರು. ತಾನು ತುಳಿಯದ ಹುಲ್ಲಿಗೂ ಅವನು ಕಾರಣನಾದಂತಾಯಿತು. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಎರಡನೆಯದು ಇದೇ. ಯಾತ್ರೆಯ ಬಸ್ಸು ಗೊತ್ತುಮಾಡಿ ಕಾರ್ಯಕ್ರಮ ಪತ್ರಿಕೆ ಅಚ್ಚು ಹಾಕಿಸುವ ಬಸದಿಯ ಆಡಳಿತ ಮಂಡಳಿ, ಅದರಲ್ಲಿ ಕಣಿವೆಯ ಹೆಸರನ್ನು ಸೇರಿಸುವ ಮೊದಲು ಉತ್ತರಿಸಬೇಕಾದ ಪ್ರಶ್ನೆಯೂ ಇದೇ.