ಬಾಡಿಗೆಯಲ್ಲಿ ನಮ್ಮದೆಷ್ಟು?

ತಿಂಗಳ ಮೊದಲ ವಾರ ಕೈಗೆ ಬರುವ ಬಾಡಿಗೆ ಹಣವೆಲ್ಲ ನಮ್ಮದೇ? ಮೇಲುನೋಟಕ್ಕೆ ಇದು ಲೆಕ್ಕದ ಪ್ರಶ್ನೆ. ಯೋಚಿಸಿದರೆ ಧರ್ಮದ ಪ್ರಶ್ನೆ. ನಾನು ಬ್ಯಾಂಕಿನ ಗುಮಾಸ್ತ, ಹಗಲೆಲ್ಲ ಇತರರ ಹಣ ಎಣಿಸುವವನು. ಮಹಡಿಯ ಮೇಲೆ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿರುವವನೂ ಹೌದು. ಆದ್ದರಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹೊಸೂರಿನಲ್ಲಿ ಬಾಡಿಗೆ ಈಗ ಒಂದು ಬೆಳೆಯೇ ಆಗಿದೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಅದರ ಹಿಂದೆಯೇ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ಬಂದವು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸಾಲುಕೋಣೆಗಳು ಎದ್ದವು. ಕನ್ನಡ, ತೆಲುಗು ಮನೆಮಾತಿನ ಎಷ್ಟೋ ಕುಟುಂಬಗಳು ಇಂದು ನೇಗಿಲಿಗಿಂತ ಬೀಗದ ಕೈಯನ್ನೇ ನಂಬಿವೆ.

ಮೊದಲು ಮುಂಗಡದ ಮಾತು. 2019ರಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾನೂನು, ಬೇರೆ ಕರಾರು ಇಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಪಕ್ಕದ ಬೆಂಗಳೂರಿನ ಹತ್ತು ತಿಂಗಳ ರೂಢಿ ಕಂಡವರಿಗೆ ಮೂರು ಕಡಿಮೆಯೆನಿಸುತ್ತದೆ. ಎಷ್ಟೇ ಪಡೆಯಲಿ, ಅದು ವರಮಾನವಲ್ಲ, ಸಾಲ. ಆದರೂ ಮಗಳ ಮದುವೆಗೋ ಬೋರ್‌ವೆಲ್ಲಿಗೋ ಅದು ಕರಗಿಹೋಗುತ್ತದೆ. ಖಾಲಿ ಮಾಡುವವನಿಗೆ, ‘ಹೊಸಬರು ಬರಲಿ, ಕೊಡೋಣ’ ಎನ್ನುತ್ತೇವೆ. ಅವನು ಮುಂದಿನ ಮನೆಗೆ ಬಡ್ಡಿಗೆ ಹಣ ತರುತ್ತಾನೆ. ನಾವು ಮಾಡಿದ ತಡಕ್ಕೆ ಅವನು ಬಡ್ಡಿ ತೆತ್ತಂತಾಯಿತು.

ನೆರೆಯವರೊಬ್ಬರು ಕೇಳಿದರು: ‘ನಿಮ್ಮ ಬ್ಯಾಂಕೂ ಠೇವಣಿದಾರರ ಹಣವನ್ನೇ ತಾನೆ ಸಾಲ ಕೊಡುವುದು? ನಾನು ಮುಂಗಡ ಬಳಸಿದರೆ ತಪ್ಪೇನು, ಸ್ವಾಮಿ?’ ಪ್ರಶ್ನೆ ಸುಲಭದ್ದಲ್ಲ. ಆದರೆ ಬ್ಯಾಂಕು ಒಂದಂಶವನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕು, ಇನ್ನೊಂದಂಶವನ್ನು ಸರ್ಕಾರಿ ಸಾಲಪತ್ರಗಳಂಥವುಗಳಲ್ಲಿ ತೊಡಗಿಸಲೇಬೇಕು. ಠೇವಣಿದಾರನಿಗೆ ಬಡ್ಡಿಯುಂಟು, ವಿಮೆಯೂ ಉಂಟು. 2020ರಲ್ಲಿ ಆ ವಿಮೆಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬಾಡಿಗೆದಾರನಿಗೆ ನಮ್ಮ ಮಾತೊಂದೇ ವಿಮೆ. ಬಳಸುವುದು ತಪ್ಪಲ್ಲದಿರಬಹುದು, ಕೇಳಿದ ದಿನ ಕೊಡಲಾಗದಂತೆ ಬಳಸುವುದು ತಪ್ಪು. ನಾನು ಮುಂಗಡವನ್ನು ಬೇರೆ ಠೇವಣಿಯಲ್ಲಿಟ್ಟಿದ್ದೇನೆ. ಮಗನ ಕಾಲೇಜು ಶುಲ್ಕ ಕಟ್ಟುವ ತಿಂಗಳು ಬಂದರೆ ಆ ರಸೀದಿಯತ್ತ ಕಣ್ಣು ಹೋಗುತ್ತದೆ ಎಂಬುದನ್ನೂ ಹೇಳಬೇಕು.

ಎರಡನೆಯದು ದುರಸ್ತಿ. ಆದಾಯ ತೆರಿಗೆಯ ಲೆಕ್ಕದಲ್ಲಿ, ಬಾಡಿಗೆಯಿಂದ ಮನೆ ಕಂದಾಯ ಕಳೆದು ಉಳಿದದ್ದರಲ್ಲಿ ನೂರಕ್ಕೆ 30ರಷ್ಟನ್ನು ವಿನಾಯಿತಿಯಾಗಿ ಬಿಡುತ್ತಾರೆ. ವರ್ಷಕ್ಕೆ 90,000 ಉಳಿದರೆ 27,000ಕ್ಕೆ ತೆರಿಗೆಯಿಲ್ಲ. ಸುಣ್ಣ ಬಳಿಸಿದಿರಾ, ಸೋರುವ ತಾರಸಿ ಕಟ್ಟಿಸಿದಿರಾ ಎಂದು ಯಾರೂ ರಸೀದಿ ಕೇಳುವುದಿಲ್ಲ. ಮನೆಗೆ ಖರ್ಚು ಇದ್ದೇ ಇರುತ್ತದೆಂದು ಕಾನೂನು ನಮ್ಮನ್ನು ನಂಬಿದೆ. ಖರ್ಚಿಲ್ಲದ ವರ್ಷ ಉಳಿಸಿಕೊಳ್ಳುವುದು ಅನ್ಯಾಯವಲ್ಲ. ಆದರೆ ಮಳೆಗಾಲದಲ್ಲಿ ಬಾಡಿಗೆದಾರ ಬಕೆಟ್ ಇಟ್ಟು ಮಲಗುವಾಗ ಆ 27,000 ಯಾರದು? ‘ಬ್ಯಾಂಕಿನ ಕಂತು ಕಟ್ಟಬೇಕಲ್ಲ’ ಎನ್ನುವವರಿದ್ದಾರೆ. ಕಂತು ಮುಗಿದ ಮೇಲೆ ಮನೆ ಉಳಿಯುವುದು ನಮಗೆ, ಅವನಿಗಲ್ಲ. ಸೋರುವುದು ಮಾತ್ರ ಅವನ ತಲೆಯ ಮೇಲೆ.

ಕರೆಂಟಿನ ಲೆಕ್ಕವೂ ಹೀಗೆಯೇ. 2016ರಲ್ಲಿ ತಮಿಳುನಾಡು ಸರ್ಕಾರ ಮನೆಬಳಕೆಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ ಮಾಡಿತು. ಅದರ ಲಾಭವನ್ನು ಮಾಲೀಕನೇ ಇಟ್ಟುಕೊಂಡು, ಬಾಡಿಗೆದಾರನಿಂದ ಯೂನಿಟ್ಟಿಗಿಷ್ಟೆಂದು ಎತ್ತುವುದುಂಟು. ಬಿಲ್ಲು ತೋರಿಸಿ ಹಂಚಿಕೊಂಡರೆ ಜಗಳವೇ ಇಲ್ಲ.

1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಹೊಸೂರು ಮದರಾಸಿನಲ್ಲಿ ಉಳಿಯಿತು, ಕಾಸರಗೋಡು ಕೇರಳಕ್ಕೆ ಸೇರಿತು. ನಾವು ಹುಟ್ಟಿದ ಮಣ್ಣಿನಲ್ಲೇ ಇದ್ದೇವೆ. ಆದರೂ ಓದಲು ಬಾರದ ಅರ್ಜಿಗೆ ಸಹಿ ಹಾಕುವ ಅಳುಕು ನಮ್ಮ ಹಿರಿಯರಿಗೆ ಗೊತ್ತು. ಇಂದು ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗ ನಮ್ಮ ಕರಾರುಪತ್ರಕ್ಕೆ ಅದೇ ಅಳುಕಿನಿಂದ ಸಹಿ ಹಾಕುತ್ತಾನೆ. ಅದರಲ್ಲಿ ಏನಿದೆಯೆಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ನಮ್ಮ ಕೆಲಸವಲ್ಲವೇ? ಹಿಂದಿರುಗಿಸಬೇಕಾದದ್ದು ಇಷ್ಟು, ಮನೆಗೆ ಸಲ್ಲಬೇಕಾದದ್ದು ಇಷ್ಟು ಎಂದು ಮೊದಲು ಬರೆದಿಡೋಣ. ಆಮೇಲೆ ಉಳಿದದ್ದು ನಮ್ಮದು.